ಮಾಬ್ಲಣ್ಣನ ಮುಷ್ಟಿ

ಮಾಬ್ಲಣ್ಣ ನೀರಿನಿಂದ ಮೇಲೆ ಬರುವಾಗ ಮೊದಲು ಕಾಣುತ್ತಿದ್ದದ್ದು ಅವನ ತಲೆಯಲ್ಲ, ಮುಷ್ಟಿ. ಕರಿಗುಂಡಿಯ ನಟ್ಟನಡುವೆ ಬಿಗಿಹಿಡಿದ ಒಂದು ಬಲಗೈ ಏಳುತ್ತಿತ್ತು. ಬೆರಳ ಸಂದಿಯಿಂದ ಮರಳು ಸೋರುತ್ತಿತ್ತು. ಆಮೇಲೆ, ಏನೂ ಅವಸರವಿಲ್ಲದವನಂತೆ, ನಿಧಾನವಾಗಿ ತಲೆ ಏಳುತ್ತಿತ್ತು. ಅಷ್ಟರಲ್ಲಿ ದಡದ ಮೇಲೆ ಕೂತ ನಾವು ಹುಡುಗಿಯರು ಅಳುವುದಕ್ಕೆ ಶುರುಮಾಡಿ, ನಿಲ್ಲಿಸಿ, ಮತ್ತೆ ಶುರುಮಾಡಿರುತ್ತಿದ್ದೆವು. ಅವನು ದಡಕ್ಕೆ ಬಂದು ಮುಷ್ಟಿ ಬಿಚ್ಚಿ ತೋರಿಸಿ, “ಎಂತಕ್ಕೆ ಅಳ್ತ್ರೆ? ಕೆಳಗೆ ತಂಪಾಗಿತ್ತು” ಎನ್ನುತ್ತಿದ್ದ. ಅವನಿಗೆ ಎರಡು ಬಿಡಬೇಕು ಅನ್ನಿಸುತ್ತಿತ್ತು ನನಗೆ.

ಅವನು ನನ್ನ ದೊಡ್ಡಾಯಿಯ, ಅಂದರೆ ಅಮ್ಮನ ಅಕ್ಕನ, ಎರಡನೇ ಮಗ. ಹೆಸರು ಮಹಾಬಲೇಶ್ವರ. ನಮ್ಮ ಕಡೆ ಅಷ್ಟುದ್ದದ ಹೆಸರನ್ನು ಇಡುವುದು ಕರೆಯುವುದಕ್ಕಲ್ಲ. ನಾನು ಶಿರಸಿಯವಳು. ಬೇಸಿಗೆ ರಜೆ ಬಂತೆಂದರೆ ಯಲ್ಲಾಪುರದ ಬಸ್ಸು ಹತ್ತಿ ನಂದೊಳ್ಳಿಗೆ ಹೋಗಿಬಿಡುತ್ತಿದ್ದೆ. ಊರಿನ ಕೆಳಗೆ ಹೊಳೆ ತಿರುಗುವಲ್ಲಿ ಕರಿಗುಂಡಿ ಎಂಬ ಮಡು ಇದೆ. ಅದೇ ನೀರು ಮುಂದೆ ಬೇಡ್ತಿಗೆ ಸೇರಿ ಮಾಗೋಡಿನಲ್ಲಿ ಧುಮುಕುತ್ತದೆ. ಈಜು ಕಲಿತ ಮಕ್ಕಳು ಕರಿಗುಂಡಿಯ ತಳ ಮುಟ್ಟಬೇಕು. ಮುಟ್ಟಿದೆ ಎಂದು ಬಾಯಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ, ಕೈಯಲ್ಲಿ ಮರಳು ಇರಬೇಕು. ಮೊದಲ ಸಲ ತಂದ ಆ ಮುಷ್ಟಿ ಮರಳನ್ನು ತಾಯಿ ತುಳಸಿಕಟ್ಟೆಗೆ ಹಾಕುತ್ತಿದ್ದಳು. ಬರಿಗೈಯಲ್ಲಿ ಮೇಲೆ ಬಂದವನು ಎಷ್ಟು ಹೊತ್ತು ಮುಳುಗಿದ್ದರೂ ಲೆಕ್ಕಕ್ಕಿಲ್ಲ.

ಮಾಬ್ಲಣ್ಣ ಮೊದಲ ಸಲ ತಂದದ್ದು ಮರಳಲ್ಲ, ಕಲ್ಲು. ಚಪ್ಪಟೆಯಾದ, ನುಣ್ಣನೆಯ, ಅಂಗೈಗಿಂತ ಸ್ವಲ್ಪ ದೊಡ್ಡ ಕರಿಕಲ್ಲು. ಮರಳು ದಡದಲ್ಲೂ ಸಿಗುತ್ತದೆ, ಯಾರಾದರೂ ಅನುಮಾನ ಪಟ್ಟರೆ ಎಂದು ಕಲ್ಲು ತಂದನಂತೆ. ದೊಡ್ಡಾಯಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ತುಳಸಿಗೆ ಕಲ್ಲು ಹೇರಿ ಎಂತ ಮಾಡುವುದು ಎಂದು ಹೇಳಿ, ಮಿಡಿ ಉಪ್ಪಿಗೆ ಹಾಕಿದ ಭರಣಿಯೊಳಗೆ ಇಟ್ಟುಬಿಟ್ಟಳು. ಮಾವಿನ ಮಿಡಿ ಉಪ್ಪುನೀರಿನಲ್ಲಿ ತೇಲಿ ಬಂದರೆ ಕೆಡುತ್ತದೆ, ಮೇಲೊಂದು ಭಾರ ಬೇಕು. ಅಂದಿನಿಂದ ಆ ಮನೆಯ ಮಿಡಿಯನ್ನು ಅದುಮಿ ಹಿಡಿದದ್ದು ಮಾಬ್ಲಣ್ಣನ ಕಲ್ಲೇ. ಊಟಕ್ಕೆ ಕೂತಾಗ ಅವನು ಉಪ್ಪಿನಕಾಯಿ ಬಡಿಸಿಕೊಂಡು, ಇದರಲ್ಲಿ ತನ್ನದೂ ಪಾಲಿದೆ ಎಂದು ಗಂಭೀರವಾಗಿ ಹೇಳುತ್ತಿದ್ದ.

ಅವನ ಮಾತು ಕೇಳುವುದೆಂದರೆ ತಾಳ್ಮೆಯ ಪರೀಕ್ಷೆ. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಎಲೆಯಡಕೆಯ ಒಂದು ಕವಳ ಹಾಕಿ ಮುಗಿಸಬಹುದು. ಫೋನಿನಲ್ಲಿ ಊಟ ಆಯ್ತಾ ಎಂದು ಕೇಳಿದರೆ, ಲೈನು ಕಡಿದುಹೋಯಿತೇ ಎಂದು ನಾನು ನೋಡಿಕೊಳ್ಳುವಷ್ಟರಲ್ಲಿ “ಆತು” ಎಂದು ಬರುತ್ತಿತ್ತು. ಶಾಲೆಯಲ್ಲಿ ಮಾಸ್ತರರು ಅವನನ್ನು ಮಂದ ಎಂದೇ ತಿಳಿದಿದ್ದರು. ಮಂದನಲ್ಲ, ಅವನ ಉಸಿರೇ ಉದ್ದ. ನಾವು ಮೂರು ಸಲ ಉಸಿರಾಡುವಲ್ಲಿ ಅವನು ಒಂದು ಸಲ ಆಡುತ್ತಿದ್ದ.

ಆ ಉಸಿರನ್ನು ನಂಬಿಕೊಂಡೇ ಅವನು ಪಿಯುಸಿ ಮುಗಿಸಿದವನು ಘಟ್ಟ ಇಳಿದು ಮುರ್ಡೇಶ್ವರಕ್ಕೆ ಹೋದದ್ದು. ಅಲ್ಲಿಂದ ನೇತ್ರಾಣಿ ಗುಡ್ಡಕ್ಕೆ ದೋಣಿಯಲ್ಲಿ ಜನರನ್ನು ಕರೆದೊಯ್ದು, ಬೆನ್ನಿಗೆ ಸಿಲಿಂಡರು ಕಟ್ಟಿ ಸಮುದ್ರಕ್ಕಿಳಿಸುತ್ತಾರೆ. ಮೊದಲು ದೋಣಿಯಲ್ಲಿ ಸಿಲಿಂಡರು ಎತ್ತಿಕೊಡುವ ಕೆಲಸ ಮಾಡಿ, ಆಮೇಲೆ ತಾನೂ ಇಳಿಯುವುದಕ್ಕೆ ಕಲಿತ. ಆ ಮೊದಲ ದಿನದ ಕಥೆಯನ್ನು ಅವನ ಬಾಯಿಂದ ಎಷ್ಟು ಸಲ ಕೇಳಿದರೂ ನಮಗೆ ಸಾಕಾಗುತ್ತಿರಲಿಲ್ಲ. ಸಿಲಿಂಡರಿನಲ್ಲಿರುವ ಗಾಳಿ ಇಷ್ಟೇ ಎಂದು ಮೊದಲೇ ಹೇಳಿದ್ದರಂತೆ. ನಮ್ಮಲ್ಲಿ ಯಾವುದನ್ನೂ ದಂಡ ಮಾಡಿ ಅಭ್ಯಾಸವಿಲ್ಲ. ಅಡಕೆಯ ಹಾಳೆ, ಸಿಪ್ಪೆ, ಸೋಗೆ ಎಲ್ಲಕ್ಕೂ ಒಂದು ಉಪಯೋಗ ಹುಡುಕುವ ಜನ. ಇವನು ಬೇರೆಯವರ ಗಾಳಿ ಯಾಕೆ ಖರ್ಚು ಮಾಡುವುದು ಎಂದು ಕರಿಗುಂಡಿಯಲ್ಲಿ ಮಾಡುವ ಹಾಗೆ ಉಸಿರು ಕಟ್ಟಿಯೇ ಕೂತ. ಹಾಗೇ ಉಸಿರು ಕಟ್ಟಿ ಮೇಲಕ್ಕೆ ಹೊರಟವನನ್ನು ಕಲಿಸುವವರು ಕಾಲು ಹಿಡಿದು ಎಳೆದು ನಿಲ್ಲಿಸಿ, ದೋಣಿಗೆ ಬಂದಮೇಲೆ ಎಲ್ಲರೆದುರು ಬೈದರು. ಆಳದಲ್ಲಿ ಎಳೆದುಕೊಂಡ ಗಾಳಿ ಮೇಲೆ ಬಂದಂತೆ ಹಿಗ್ಗುತ್ತದೆ. ಹೊರಗೆ ಬಿಡದೆ ಹಿಡಿದಿಟ್ಟರೆ ಪುಪ್ಪುಸವೇ ಒಡೆಯುತ್ತದೆ.

“ಕರಿಗುಂಡಿಲಿ ಉಸಿರು ಹಿಡಿದವ ಗೆಲ್ತ. ಕಡಲಲ್ಲಿ ಉಸಿರು ಬಿಟ್ಟವ ಬದುಕ್ತ,” ಎಂದು ಅವನು ಕಥೆ ಮುಗಿಸುತ್ತಿದ್ದ.

ನೇತ್ರಾಣಿಯಿಂದ ಅವನು ಅಂಡಮಾನಿಗೆ ಹೋದ. ಅಲ್ಲೊಂದು ದ್ವೀಪದಲ್ಲಿ ಡೈವಿಂಗ್ ಕಲಿಸುವವನಾದ. ವರ್ಷಕ್ಕೊಮ್ಮೆ, ಅಲ್ಲಿ ಮಳೆ ಶುರುವಾಗಿ ಕಡಲು ಕೆಟ್ಟಾಗ, ಊರಿಗೆ ಬರುತ್ತಿದ್ದ. ಮಧ್ಯಾಹ್ನದ ಬಸ್ಸಿಳಿದು ಬಂದವನು ಸೀದಾ ಒಳಗೆ ಬರುವುದಿಲ್ಲ. ಚೀಲ ಜಗುಲಿಯ ಮೇಲಿಟ್ಟು ಅಂಗಳದ ನಡುವೆ ಸುಮ್ಮನೆ ನಿಂತುಕೊಳ್ಳುತ್ತಿದ್ದ. ಆಳದಿಂದ ಬರುವಾಗ ಒಮ್ಮೆಲೇ ಮೇಲೆ ಬರಬಾರದು, ತಲೆಯ ಮೇಲೆ ಇನ್ನು ಮೂರಾಳು ನೀರಿದೆ ಎನ್ನುವಲ್ಲಿ ಹಗ್ಗ ಹಿಡಿದು ಮೂರು ನಿಮಿಷ ನಿಲ್ಲಬೇಕು, ಇಲ್ಲದಿದ್ದರೆ ರಕ್ತದಲ್ಲಿ ಸೇರಿದ ಗಾಳಿ ಗುಳ್ಳೆಯಾಗುತ್ತದೆ ಎಂದು ನಮಗೆಲ್ಲ ಪಾಠ ಮಾಡಿದ್ದ. ಮನೆಗೆ ಬರುವುದೂ ಅವನಿಗೆ ಹಾಗೇ ಆಗಿಹೋಗಿತ್ತು. ಅವನ ಅಣ್ಣ ನಾಗೇಶಣ್ಣನ ಮಕ್ಕಳು ಓಡಿಹೋಗಿ ಕೈ ಎಳೆದರೆ, “ತಡಿ ತಡಿ, ಆನಿನ್ನೂ ಪೂರಾ ಮೇಲೆ ಬೈಂದ್ನಿಲ್ಲೆ” ಎನ್ನುತ್ತಿದ್ದ. ಇನ್ನೂ ಪೂರ್ತಿ ಮೇಲೆ ಬಂದಿಲ್ಲವಂತೆ. ದೊಡ್ಡಾಯಿ ಒಳಗಿನಿಂದ ಚಹ ಆರಿಹೋಯಿತು ಎಂದು ಗೊಣಗುತ್ತಿದ್ದಳು. ಗೊಣಗುತ್ತಲೇ ಬಾಗಿಲಿಗೆ ಬಂದು ನಿಂತು ಅವನನ್ನೇ ನೋಡುತ್ತಿದ್ದಳು.

ಮನೆಯಲ್ಲಿ ಅವನ ಕೆಲಸವನ್ನು ಕಣ್ಣಾರೆ ನೋಡಿದವಳು ನಾನೊಬ್ಬಳೇ. ಶಿರಸಿಯಲ್ಲಿ ನಮ್ಮದೊಂದು ಔಷಧಿ ಅಂಗಡಿ. ಬಾಗಿಲು ಹಾಕಿ ಎಲ್ಲಿಗೂ ಹೋಗದ ನಾನೂ ನಮ್ಮವರೂ ಒಂದು ವರ್ಷ ಹಟ ಹಿಡಿದು ಅಂಡಮಾನಿಗೆ ಹೋದೆವು. ನಮ್ಮವರು ಮೊಣಕಾಲು ನೀರಿನಲ್ಲೇ ನಮಸ್ಕಾರ ಹಾಕಿ ದಡಕ್ಕೆ ಬಂದರು. ನನ್ನನ್ನು ಮಾಬ್ಲಣ್ಣ ಬಿಡಲಿಲ್ಲ. ದಡದಲ್ಲಿ ಕೂತು ಅತ್ತದ್ದು ಸಾಕು, ಈಗ ಕೆಳಗೆ ಬಂದು ನೋಡು ಎಂದು ದಿನಾ ಇಳಿಸಿ ಇಳಿಸಿ ಕಲಿಸಿದ. ಮುಖವಾಡದೊಳಗೆ ನೀರು ನುಗ್ಗಿದರೆ ಮೂಗಿನಿಂದ ಊದಿ ಹೊರಹಾಕುವುದು ಹೇಗೆ, ಹೆದರಿಕೆಯಾದರೆ ಮೊದಲು ಉಸಿರು ಬಿಡುವುದು ಹೇಗೆ, ಎಲ್ಲವನ್ನೂ ಅದೇ ನಿಧಾನದಲ್ಲಿ. ದಡದಲ್ಲಿ ತಲೆಚಿಟ್ಟು ಹಿಡಿಸುತ್ತಿದ್ದ ಆ ನಿಧಾನ ನೀರಿನೊಳಗೆ ಎಷ್ಟು ಧೈರ್ಯ ಕೊಡುತ್ತದೆ ಎಂದು ಅಲ್ಲಿ ಗೊತ್ತಾಯಿತು.

ಕಡೆಯ ದಿನ ಅವನು ನನ್ನ ಕೈಹಿಡಿದು ಧರೆಯ ಅಂಚಿಗೆ ಕರೆದೊಯ್ದ. ಹೆಸರು ಅವನದೇ. ತೋಟದ ಮೇಲ್ಗಡೆ ಕಡಿದಾಗಿ ನಿಂತ ಮಣ್ಣಿನ ಗೋಡೆಗೆ ನಾವು ಧರೆ ಎನ್ನುತ್ತೇವಲ್ಲ, ಸಮುದ್ರದೊಳಗಿನ ಆ ಕಡಿದಾದ ಗೋಡೆಗೂ ಅವನು ಅದನ್ನೇ ಇಟ್ಟಿದ್ದ. ಹವಳದ ದಿಬ್ಬ ಅಲ್ಲಿಯತನಕ ಅಂಗಳದಂತೆ ಹರಡಿಕೊಂಡಿರುತ್ತದೆ. ಹಳದಿ, ನೇರಳೆ, ಬೀಸಣಿಗೆಯಂಥ ಹವಳ, ನಮ್ಮನ್ನು ಗಣ್ಯವೇ ಮಾಡದ ಮೀನು. ಹಾಗೆ ಹೋಗುತ್ತ ಹೋಗುತ್ತ ನೆಲ ಮುಗಿದೇ ಹೋಗುತ್ತದೆ. ಅದರಾಚೆ ನೀಲಿ ಒಂದೇ. ಕೆಳಗೆ ನೋಡಿದರೆ ಆ ನೀಲಿ ಕಪ್ಪಾಗುತ್ತ ಹೋಗುತ್ತದೆ, ಕೊನೆ ಎನ್ನುವುದು ಕಾಣುವುದಿಲ್ಲ. ನಾನು ಅವನ ಕೈ ಎಷ್ಟು ಬಿಗಿ ಹಿಡಿದಿದ್ದೆನೆಂದರೆ ಸಂಜೆ ಅವನು ಉಗುರಿನ ಗುರುತು ತೋರಿಸಿದ.

ವಾಪಸು ಬರುವಾಗ ಮರಳಿನಲ್ಲಿ ಒಂದು ಚಿಪ್ಪು ಕಂಡಿತು. ಕರಿಗುಂಡಿಯ ಹುಡುಗಿ, ಬಿಡುತ್ತೇನೆಯೇ? ಮುಷ್ಟಿಯೊಳಗೆ ಸೇರಿಸಿದೆ. ಮಾಬ್ಲಣ್ಣ ಬಂದು ಒಂದೊಂದೇ ಬೆರಳು ಬಿಡಿಸಿ, ಚಿಪ್ಪನ್ನು ಇದ್ದಲ್ಲೇ ಇಡಿಸಿದ. ದೋಣಿ ಹತ್ತಿದ ಮೇಲೆ ನಾನು ಮುಖ ಊದಿಸಿಕೊಂಡು, ಮುಷ್ಟಿ ತುಂಬಿ ತರುವುದನ್ನು ಹೇಳಿಕೊಟ್ಟವನೇ ನೀನಲ್ಲವಾ ಎಂದೆ.

“ಆ ಚಿಪ್ಪಿಗೆ ನಾಳೆ ಬಾಡಿಗೆಗೆ ಬಪ್ಪವು ಇದ್ದ, ಕೂಸೆ,” ಎಂದ. ಖಾಲಿ ಚಿಪ್ಪು ಕಂಡರೆ ಒಂದು ಜಾತಿಯ ಏಡಿ ಒಳಹೊಕ್ಕು ಮನೆ ಮಾಡುತ್ತದಂತೆ. “ಹೊಳೆ ನಮ್ಮನೆದು. ಇಲ್ಲಿ ನಾವು ನೆಂಟರು. ಬರಿಗೈಲಿ ಮೇಲೆ ಬಪ್ಪದೇ ಮರ್ಯಾದೆ.”

ಅಂದು ಸಂಜೆ ನಾನು ಕೇಳಿದ್ದೆ, ಧರೆಯ ಕೆಳಗೆ ನೀನು ಎಷ್ಟು ಆಳ ಹೋಗಿದ್ದೀ ಎಂದು. ಮೂವತ್ತು ಮೀಟರು ದಾಟಿದರೆ ಹೊಸ ಅಡಕೆ ತಿಂದು ಸೊಕ್ಕಿದ ಹಾಗೆ, ಅಮಲೇರಿದ ಹಾಗೆ ಆಗುತ್ತದಂತೆ. ತಲೆ ಹಗುರ, ಯಾವುದೂ ಕಷ್ಟ ಅನ್ನಿಸುವುದಿಲ್ಲ, ಇನ್ನೂ ಇಳಿಯೋಣ ಅನ್ನಿಸುತ್ತದೆ. ಸೊಕ್ಕು ಹತ್ತಿತೆಂದು ಗೊತ್ತಾದ ಕೂಡಲೇ ನಾಲ್ಕು ಮಾರು ಮೇಲೆ ಬಂದರೆ ಇಳಿಯುತ್ತದೆ. ಗೊತ್ತಾಗದವನು ಹೋದ, ಅಷ್ಟೇ ಎಂದ. ಅವನಿಗಂತೂ ಗೊತ್ತಾಗುತ್ತದೆ ಎಂದು ನಾನು ನಿಶ್ಚಿಂತಳಾಗಿದ್ದೆ.

ಮುಂದಿನ ಸಲ ಅವನು ನಂದೊಳ್ಳಿಗೆ ಬಂದಾಗ ದೊಡ್ಡಾಯಿಗೆ ಈ ಧರೆಯ ವರ್ಣನೆ ಮಾಡಿದೆವು. ಅವಳು ಸೊಪ್ಪು ಸೋಸುತ್ತ ಎಲ್ಲ ಕೇಳಿ, ಕಡೆಗೊಂದೇ ಪ್ರಶ್ನೆ ಕೇಳಿದಳು: ತಳ ಎಲ್ಲಿದೆ? ತಳ ಇದೆ, ಆದರೆ ಅಷ್ಟು ಕೆಳಗೆ ಮನುಷ್ಯ ಹೋಗಲಾಗದು ಎಂದು ಮಾಬ್ಲಣ್ಣ ಹೇಳಿದ. “ತಳ ಮುಟ್ಟದಿದ್ದ ಮೇಲೆ ಅದೆಂತ ಮುಳುಗದು?” ಎಂದಳು ದೊಡ್ಡಾಯಿ. ಅವನು ನಕ್ಕ. ನೀರೊಳಗೆ ಸಂಸಾರ ಹೂಡಿದವನಿಗೆ ಹೆಣ್ಣು ಕೊಡುವವರಾರು ಎಂಬ ಹಳೆಯ ಮಾತಿಗೆ ಅವಳು ಹೊರಳಿದಳು, ಅವನು ಎದ್ದು ಹೊಳೆಯ ಕಡೆ ಹೋದ.

ಅದೇ ನಾನು ಅವನನ್ನು ನೋಡಿದ ಕಡೆಯ ಸಲ. ಹೊರಡುವಾಗ ಚೀಲ ಹೆಗಲಿಗೇರಿಸಿಕೊಂಡು ಅಂಗಳ ದಾಟಿದವನನ್ನು ನಾಗೇಶಣ್ಣನ ಸಣ್ಣ ಮಗಳು, ಈಗ ಯಾಕೆ ನಿಲ್ಲುವುದಿಲ್ಲ ಎಂದು ಕೇಳಿದಳು. ಇಳಿಯುವಾಗ ನಿಲ್ಲುವುದು ಬೇಡ, ಮೇಲೆ ಬರುವಾಗ ಮಾತ್ರ ಎಂದು ಹೇಳಿ ಹೋದ.

ಸುದ್ದಿ ಬಂದದ್ದು ಅವನ ಜೊತೆ ಕೆಲಸ ಮಾಡುತ್ತಿದ್ದ ಸೆಲ್ವಂನಿಂದ. ಫೋನು ಎತ್ತಿದ್ದು ನಾಗೇಶಣ್ಣ. ಪ್ರವಾಸಕ್ಕೆ ಬಂದವರೊಬ್ಬರು ಫೋಟೊ ತೆಗೆಯುತ್ತ ಧರೆಯ ಅಂಚು ದಾಟಿದ್ದಾರೆ. ಅಲ್ಲಿ ಕೆಲವೊಮ್ಮೆ ನೀರು ಮೇಲಿಂದ ಕೆಳಕ್ಕೆ ಹರಿಯುತ್ತದಂತೆ. ಆ ಸೆಳೆತ ಅವರನ್ನು ಎಳೆದುಕೊಂಡಿದೆ. ಮಾಬ್ಲಣ್ಣ ಹಿಂದೆಯೇ ಇಳಿದು, ಎಷ್ಟೋ ಕೆಳಗೆ ಅವರನ್ನು ಹಿಡಿದು, ಅವರು ತೊಟ್ಟಿದ್ದ, ತೇಲಿಸುವ ಜಾಕೆಟ್ಟಿಗೆ ಗಾಳಿ ತುಂಬಿ ಮೇಲೆ ತಳ್ಳಿದ್ದಾನೆ. ಅವರು ದೋಣಿಗೆ ಬಂದರು. ಇವನು ಬರಲಿಲ್ಲ. ದಿನಗಟ್ಟಲೆ ಹುಡುಕಿದರು. ದೇಹ ಸಿಗಲಿಲ್ಲ.

ಆ ಮನುಷ್ಯ ಬದುಕಿದ್ದಾನೆ. ಅವನ ಮೇಲೆ ನನಗೆ ಸಿಟ್ಟು ಬಂದು ಹೋಗಿದೆ, ಹೋಗಿ ಮತ್ತೆ ಬಂದಿದೆ. ಮಾಬ್ಲಣ್ಣನಾಗಿದ್ದರೆ ಪಾಪ, ಅವರ ಕ್ಯಾಮೆರಾ ಸಿಕ್ಕಿತಾ ಎಂದು ಕೇಳುತ್ತಿದ್ದ. ಕೆಳಗೆ ಅವನಿಗೆ ಸೊಕ್ಕಿರಬೇಕು, ಎಲ್ಲ ಹಗುರ ಅನ್ನಿಸಿರಬೇಕು, ಹೆದರಿಕೆಯೇ ಆಗಿರಲಿಕ್ಕಿಲ್ಲ ಎಂದು ನಾನು ನಂಬಿಕೊಂಡಿದ್ದೇನೆ. ಹಾಗೆ ನಂಬದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಭಟ್ಟರು ಬಂದು ನಾಗೇಶಣ್ಣನಿಗೆ ದಾರಿ ಹೇಳಿದರು. ದೇಹ ಸಿಗದವರಿಗೆ ದರ್ಭೆಯಿಂದ ಮನುಷ್ಯನ ಆಕಾರ ಕಟ್ಟಿ, ಅದನ್ನೇ ದೇಹವೆಂದು ತಿಳಿದು ಸಂಸ್ಕಾರ ಮಾಡಬೇಕು. ಸೂತಕ ಶುರುವಾಗುವುದೂ ಮುಗಿಯುವುದೂ ಆಮೇಲೆಯೇ. ನಾಗೇಶಣ್ಣ ಒಪ್ಪಿದ. ದೊಡ್ಡಾಯಿ ಒಪ್ಪಲಿಲ್ಲ. ಅವಳು ಅಳಲಿಲ್ಲ, ಜಗಳವಾಡಲಿಲ್ಲ. ಮಗ ಹೋದದ್ದು ಸುಳ್ಳು ಎಂದೂ ಹೇಳಲಿಲ್ಲ.

“ಅಂವ ತಳ ಮುಟ್ಟಿದ್ದಕ್ಕೆ ಸಾಕ್ಷಿ ಎಲ್ಲಿದ್ದು?” ಎಂದಳು. “ಸಾಕ್ಷಿ ಇಲ್ಲದ್ದೆ ಆನು ಹ್ಞೂಂ ಹೇಳ್ತ್ನಿಲ್ಲೆ.”

ಭಟ್ಟರಿಗೆ ಇದರ ತಲೆಬುಡ ಗೊತ್ತಾಗಲಿಲ್ಲ. ನಮಗೆ ಗೊತ್ತಾಯಿತು. ಅವಳ ಮಗ ಒಂದು ದಿನವೂ ಬರಿಗೈಯಲ್ಲಿ ಕರಿಗುಂಡಿಯಿಂದ ಮೇಲೆ ಬಂದವನಲ್ಲ. ಅವನು ಧರೆಯ ನಡುವೆ ಎಲ್ಲೋ, ಮೇಲೂ ಅಲ್ಲ ಕೆಳಗೂ ಅಲ್ಲ, ತೂಗಾಡುತ್ತಿದ್ದಾನೆ ಎಂಬುದು ಅವಳ ಸಂಕಟ. ನೆಲ ಮುಟ್ಟದ ಮಗನಿಗೆ ಹೇಗೆ ಬೆಂಕಿ ಕೊಡಿಸುವುದು? ಮನೆಯಲ್ಲಿ ದೇವರಿಗೆ ದೀಪ ಹಚ್ಚುವುದೋ ಬೇಡವೋ ತಿಳಿಯದ ದಿನಗಳು. ಮಧ್ಯಾಹ್ನದ ಬಸ್ಸಿನ ಸದ್ದಾದಾಗ ದೊಡ್ಡಾಯಿ ದಾರಿ ನೋಡುತ್ತಿರಲಿಲ್ಲ, ಅಂಗಳ ನೋಡುತ್ತಿದ್ದಳು. ಅವನು ಬಂದರೆ ಅಲ್ಲೇ ತಾನೇ ನಿಂತಿರುವುದು. ಅದನ್ನು ನೋಡಲಾರದೆ ನಾಗೇಶಣ್ಣ ಹಿತ್ತಲಿಗೆ ಹೋಗಿಬಿಡುತ್ತಿದ್ದ.

ಕೆಲವು ತಿಂಗಳಾದ ಮೇಲೆ ನಾನು ಹೋದಾಗ ಅವಳು ಬಾವಿಕಟ್ಟೆಯ ಮೇಲೆ ಕೂತು ಆ ಕರಿಕಲ್ಲನ್ನು ತೊಳೆಯುತ್ತಿದ್ದಳು. ಭರಣಿ ಪಕ್ಕದಲ್ಲಿ ಬೋರಲು ಬಿದ್ದಿತ್ತು. ಕಲ್ಲನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗೆ ಕೊಟ್ಟಳು.

“ಇದು ಅಂವ ತಂದ ಸಾಕ್ಷಿ. ಆನು ಇಟ್ಕಂಡು ಎಂತ ಮಾಡದು? ಅಂವ ಇಳಿದಲ್ಲೇ ಬಿಟ್ಟಿಕ್ಕಿ ಬಾ. ಅಂವನ ಬದ್ಲಿಗೆ ಇದಾದ್ರೂ ತಳ ಮುಟ್ಟಲಿ.”

ಸಿಲಿಂಡರು ಕಟ್ಟಿ ಸಮುದ್ರಕ್ಕಿಳಿಯಲು ಬರುವವಳು ಆ ಮನೆತನದಲ್ಲಿ ನಾನೊಬ್ಬಳೇ. ಕಲಿಸಿದವನು ಅವನೇ. ಇಲ್ಲ ಎನ್ನುವುದು ಹೇಗೆ? ಕಲ್ಲನ್ನು ಕೈಚೀಲದಲ್ಲೇ ಇಟ್ಟುಕೊಂಡು ಹೊರಟೆ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಹೆಂಗಸೊಬ್ಬಳು ಅದನ್ನು ಹೊರತೆಗೆಸಿದಳು. ಉಪ್ಪಿನಕಾಯಿ ಭರಣಿಯ ಕಲ್ಲು ಎಂದೆ. ಆ ಹೆಂಗಸು ಮೂಸಿ ನೋಡಿ, ಅಂಡಮಾನಿನಲ್ಲಿ ಕಲ್ಲು ಸಿಗುವುದಿಲ್ಲವೇ ಎಂದು ನಗುತ್ತ, ಕೈಯಲ್ಲಿ ಒಯ್ಯುವಂತಿಲ್ಲ, ದೊಡ್ಡ ಚೀಲಕ್ಕೆ ಹಾಕಿ ಎಂದಳು. ನಾನೂ ನಕ್ಕೆ. ವಾಪಸು ಹೋಗಿ, ಆಗಲೇ ಕೊಟ್ಟಿದ್ದ ಚೀಲ ತರಿಸಿಕೊಂಡು ಬಿಚ್ಚಿ, ಕಲ್ಲನ್ನು ಬಟ್ಟೆಯ ನಡುವೆ ಇಡುವಾಗ ಮಾತ್ರ ತಡೆಯಲಾಗಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ಅತ್ತೆ.

ಸೆಲ್ವಂ ನನ್ನನ್ನು ಅದೇ ಜಾಗಕ್ಕೆ ಕರೆದೊಯ್ದ. ಸಮುದ್ರ ಅಂದು ಕರಿಗುಂಡಿಯಂತೆ ಸುಮ್ಮನಿತ್ತು. ಅದೇ ಅಂಗಳ, ಅದೇ ಬೀಸಣಿಗೆಗಳು, ಅದೇ ಅಂಚು. ಅಂಚಿನಾಚೆ ಕೈ ಚಾಚಿ ಮುಷ್ಟಿ ಬಿಚ್ಚಿದೆ. ಕಲ್ಲು ಒಮ್ಮೆ ಮಗುಚಿ, ಆಮೇಲೆ ನೆಟ್ಟಗೆ ಇಳಿಯತೊಡಗಿತು. ಒಂದು ಸಣ್ಣ ಮೀನು ತಿನ್ನುವ ವಸ್ತುವೆಂದು ತಿಳಿದು ಸ್ವಲ್ಪ ದೂರ ಬೆನ್ನಟ್ಟಿ, ಅಲ್ಲವೆಂದು ಗೊತ್ತಾಗಿ ತಿರುಗಿ ಬಂತು. ಕಲ್ಲು ಸಣ್ಣದಾಯಿತು, ಚುಕ್ಕೆಯಾಯಿತು, ನೀಲಿಯಾಯಿತು. ಮುಖವಾಡದೊಳಗೆ ನೀರು ತುಂಬಿತು. ಮೂಗಿನಿಂದ ಊದಿ ಹೊರಹಾಕಿದೆ. ಮತ್ತೆ ತುಂಬಿತು. ಮೇಲೆ ಬರುವಾಗ ಹಗ್ಗ ಹಿಡಿದು ನಿಲ್ಲಬೇಕಾದಲ್ಲಿ ನಿಂತೆ. ಮೂರು ನಿಮಿಷ ಎಷ್ಟು ಉದ್ದ ಎಂದು ಅಂದು ತಿಳಿಯಿತು.

ನಂದೊಳ್ಳಿಗೆ ಹೋದಾಗ ದೊಡ್ಡಾಯಿ ಜಗುಲಿಯಲ್ಲಿ ಕಾಯುತ್ತಿದ್ದಳು. ಕೂತುಕೋ ಎನ್ನಲೂ ಇಲ್ಲ.

“ತಳ ಮುಟ್ಟಿದ್ದು ಕಂಡತಾ?”

ಸುಳ್ಳು ಹೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಅವಳ ಮುಖ ನೋಡಿ ಬಾಯಿ ಬರಲಿಲ್ಲ. “ಇಲ್ಲೆ ದೊಡ್ಡಾಯಿ. ಕಾಣುವಷ್ಟೂ ಹೊತ್ತು ನೋಡಿದ್ದೆ. ಎಲ್ಲೂ ನಿಂತಿದ್ದಿಲ್ಲೆ, ನೆಟ್ಟಗೆ ಹೋತು,” ಎಂದೆ.

ಅವಳು ನನ್ನ ಎರಡೂ ಕೈ ಹಿಡಿದು ಅಂಗೈ ತಿರುಗಿಸಿ ನೋಡಿದಳು. ಬರಿಗೈ. ತುಂಬ ಹೊತ್ತು ನೋಡಿ, “ಹಾಂಗಾರೆ ಮುಟ್ಟಿರ್ತು” ಎಂದಳು. ಆಮೇಲೆ ಒಳಗೆ ತಿರುಗಿ ನಾಗೇಶಣ್ಣನಿಗೆ, ಭಟ್ಟರಿಗೆ ಫೋನು ಮಾಡು ಎಂದಳು. ಅಂದು ರಾತ್ರಿ ಅವಳು ಅತ್ತಳು. ಅಷ್ಟು ತಿಂಗಳಲ್ಲಿ ಮೊದಲ ಸಲ ಬಾಯಿಬಿಟ್ಟು, ಮಾಬ್ಲ, ಮಾಬ್ಲ ಎಂದು ಕರೆದು ಅತ್ತಳು.

ಸಂಸ್ಕಾರದ ದಿನ ಭಟ್ಟರು ಅಂಗಳದಲ್ಲಿ ಕೂತು ದರ್ಭೆಯ ಆಕಾರ ಕಟ್ಟಿದರು. ತಲೆ, ತೋಳು, ಕಾಲು. ಆರಡಿಯ ಮನುಷ್ಯ ಎಷ್ಟು ಚಿಕ್ಕವನಾಗಿಬಿಟ್ಟಿದ್ದ. ಅದಕ್ಕೊಂದು ಬಿಳಿಯ ಬಟ್ಟೆ ಹೊದೆಸಿದರು. ಹೊಳೆಯ ದಡಕ್ಕೆ ಒಯ್ಯಬೇಕು, ಹೊತ್ತು ಮೀರುತ್ತದೆ ಎಂದು ಭಟ್ಟರು ಅವಸರ ಮಾಡಿದರು. ನಾಗೇಶಣ್ಣ ಬಗ್ಗಿ ಎತ್ತಲು ಹೋದ. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ದೊಡ್ಡಾಯಿ ಕೈ ಎತ್ತಿ ತಡೆದಳು.

“ಒಂಚೂರು ಹೊತ್ತು ಅಲ್ಲೇ ಇರ್ಲಿ,” ಎಂದಳು. “ಅಂವ ಇನ್ನೂ ಪೂರಾ ಮೇಲೆ ಬೈಂದ್ನಿಲ್ಲೆ.”

ನಾಗೇಶಣ್ಣ ಕೈ ಹಿಂದಕ್ಕೆ ತೆಗೆದುಕೊಂಡ. ಭಟ್ಟರೂ ಪಕ್ಕಕ್ಕೆ ಸರಿದರು. ಮಾಬ್ಲಣ್ಣನ ಸುತ್ತ ನಾವೆಲ್ಲರೂ ಅಂಗಳದ ಬಿಸಿಲಿನಲ್ಲಿ ಸುಮ್ಮನೆ ನಿಂತುಕೊಂಡೆವು.